ಬ್ಲಾಗುಗಳನ್ನು ಹುಡುಕುವ ಯಂತ್ರಗಳು: ಒಂದು ತುಲನೆ

ಈ ವರ್ಷದ ಮೊದಲ ಅವಧಿಯಲ್ಲಿ ನಮ್ಮ ಕನ್ನಡ ಅಧ್ಯಾಪಕರು ಅಂತಿಮ ಬಿ.ಎ. ವಿದ್ಯಾರ್ಥಿಗಳಾದ ನಮಗೆಲ್ಲ ಒಂದು ಕೆಲಸವನ್ನು ಒಪ್ಪಿಸಿದರು. ಪ್ರತಿಯೊಬ್ಬರೂ ತಮ್ಮ ಮನೆಯ ಅಥವಾ ಊರಿನ ಒಂದು ಕಸುಬನ್ನು ಆರಿಸಿಕೊಂಡು, ಅದರಲ್ಲಿ ಬಳಕೆಯಾಗುವ 50 ಪದಗಳನ್ನು ಅರ್ಥಸಹಿತವಾಗಿ ಬರೆದು ತರಬೇಕು; ಪ್ರತಿ ಪದಕ್ಕೂ ಆಧಾರ ಕೊಡಬೇಕು. ನಾನು ಆಲೆಮನೆಯನ್ನು ಆರಿಸಿಕೊಂಡೆ. ನಮ್ಮ ತಂದೆ ಮಂಡ್ಯ ಸೀಮೆಯ ಒಂದು ಆಲೆಮನೆಯಲ್ಲಿ 22 ವರ್ಷ ಕೊಪ್ಪರಿಗೆಯ ಮುಂದೆ ನಿಂತವರು. ಪದಗಳಿಗೆ ಬರವಿರಲಿಲ್ಲ. ಆಧಾರದ ಅಂಕಣದಲ್ಲಿ ಮಾತ್ರ ‘ನಮ್ಮ ತಂದೆ’ ಎಂದು 50 ಸಲ ಬರೆದುಕೊಂಡು ಹೋದೆ. ಅಧ್ಯಾಪಕರು ನಕ್ಕು, “ನಿಮ್ಮ ತಂದೆಯವರ ಮಾತನ್ನು ನಾನು ಒಪ್ಪುತ್ತೇನಮ್ಮ. ಆದರೆ ಇನ್ನೊಬ್ಬರು ಬರೆದದ್ದೂ ಒಂದಿದ್ದರೆ ಪದಕ್ಕೆ ಎರಡು ಕಾಲು ಬರುತ್ತವೆ” ಎಂದರು.

ಆಗ ನನಗೆ ನೆನಪಾದುದು ಒಂಬತ್ತನೆಯ ತರಗತಿಯ ಒಂದು ಮಧ್ಯಾಹ್ನ. ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟರು ಯಾರದೋ ಬ್ಲಾಗಿನಿಂದ ಅಚ್ಚು ತೆಗೆದ ಎರಡು ಹಾಳೆಗಳನ್ನು ತಂದು ತರಗತಿಯಲ್ಲಿ ಗಟ್ಟಿಯಾಗಿ ಓದಿದ್ದರು. ಪರದೇಶದಲ್ಲಿ ನೆಲಸಿದ್ದ ಒಬ್ಬರು ತಮ್ಮ ತಾತನ ಆಲೆಮನೆಯನ್ನು ನೆನೆದು ಬರೆದ ಲೇಖನವದು. ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಮಡ್ಡಿಯನ್ನು ತೆಗೆಯುವ ಬಗೆ, ಬೆಂಡೆಯ ಗಿಡವನ್ನು ಜಜ್ಜಿ ಅದರ ಲೋಳೆಯನ್ನು ಕೊಪ್ಪರಿಗೆಗೆ ಬಿಡುವ ಬಗೆ, ಪಾಕದ ಹದ ನೋಡುವ ಬಗೆ, ಎಲ್ಲವೂ ನಮ್ಮ ಮನೆಯ ಮಾತಿನಲ್ಲೇ ಇದ್ದವು. ನಮ್ಮ ಮನೆಯ ಮಾತು ಹಾಳೆಯ ಮೇಲೆ ಬರಬಹುದೆಂದು ನನಗೆ ಮೊದಲು ತಿಳಿದದ್ದು ಅಂದು. ಈಗ ಆ ಬ್ಲಾಗಿನ ಹೆಸರು ಮರೆತುಹೋಗಿತ್ತು; ಬರೆದವರ ಹೆಸರೂ ಅಷ್ಟೆ; ಮೇಷ್ಟರು ಎಲ್ಲಿಗೋ ವರ್ಗವಾಗಿ ಹೋಗಿದ್ದರು. ಅದನ್ನು ಹುಡುಕಿ ತೆಗೆಯಬೇಕೆಂದು ಹೊರಟವಳು ಹುಡುಕುವ ಯಂತ್ರಗಳ ವಿಚಾರವನ್ನೇ ಓದುವಂತಾಯಿತು. ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ. ಓದಿ ತಿಳಿದುದನ್ನು ನನ್ನಂತಹವರಿಗೆ ಅರ್ಥವಾಗುವಂತೆ ಹೇಳುವುದಷ್ಟೇ ಇಲ್ಲಿ ನನ್ನ ಪ್ರಯತ್ನ. ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ಬ್ಲಾಗು ಎಂದರೇನೆಂದು ಇಂದು ವಿವರಿಸಬೇಕಾದ ಅಗತ್ಯವಿಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಕೆಳತರಗತಿಯ ಮಿತ್ರರಲ್ಲಿ ಹಲವರು ಕಿರುಚಿತ್ರಗಳನ್ನಲ್ಲದೆ ಬೇರೆ ಏನನ್ನೂ ಅಂತರಜಾಲದಲ್ಲಿ ನೋಡಿದವರಲ್ಲ. ಆದುದರಿಂದ ಎರಡು ಮಾತು. ಒಬ್ಬ ವ್ಯಕ್ತಿ ತನಗೆ ತೋಚಿದುದನ್ನು ತಾರೀಖು ಹಾಕಿ ಬರೆಯುತ್ತ ಹೋಗುವ ಪುಟವೇ ಬ್ಲಾಗು. ಹೊಸ ಬರಹ ಮೇಲೆ, ಹಳೆಯದು ಕೆಳಗೆ. ಇದಕ್ಕೆ ಸಂಪಾದಕರಿಲ್ಲ, ಮುದ್ರಣಾಲಯವಿಲ್ಲ, ಚಂದಾ ಇಲ್ಲ. ‘ವೆಬ್‌ಲಾಗ್’ ಎಂಬ ಪದವನ್ನು 1997ರ ಡಿಸೆಂಬರಿನಲ್ಲಿ ಬಳಕೆಗೆ ತಂದವರು ಜಾರ್ನ್ ಬಾರ್ಗರ್ ಎಂಬ ಅಮೆರಿಕನ್ನರು. 1999ರಲ್ಲಿ ಪೀಟರ್ ಮೆರ್‌ಹೋಲ್ಜ್ ಎಂಬವರು ಅದನ್ನು ವಿನೋದಕ್ಕೆಂದು ಒಡೆದು ‘ಬ್ಲಾಗ್’ ಮಾಡಿದರು. ಅದೇ ವರ್ಷ ‘ಬ್ಲಾಗರ್’ ಎಂಬ ಸೇವೆ ಆರಂಭವಾಗಿ, ಯಂತ್ರಜ್ಞಾನವರಿಯದವರೂ ಪುಟ ತೆರೆಯುವಂತಾಯಿತು. 2003ರಲ್ಲಿ ಗೂಗಲ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ಕನ್ನಡದಲ್ಲಿ ಬರೆಯುವ ಎಷ್ಟೋ ಮಂದಿ ಆ ಜಾಗದಲ್ಲಿಯೇ ಮನೆ ಕಟ್ಟಿಕೊಂಡರು.

ಇನ್ನು ಹುಡುಕುವ ಯಂತ್ರ, ಅಂದರೆ ಸರ್ಚ್ ಇಂಜಿನ್. ನಾವು ಪದವನ್ನು ಟೈಪು ಮಾಡಿದಾಗ ಅದು ಆ ಕ್ಷಣದಲ್ಲಿ ಜಗತ್ತನ್ನೆಲ್ಲ ಸುತ್ತಿ ಬರುತ್ತದೆಂದು ನಾನು ಬಹುಕಾಲ ನಂಬಿದ್ದೆ. ಹಾಗಲ್ಲ. ಅದು ಸುತ್ತುವ ಕೆಲಸವನ್ನು ಮೊದಲೇ ಮಾಡಿ ಮುಗಿಸಿರುತ್ತದೆ. ಒಂದು ಪುಟದಲ್ಲಿರುವ ಕೊಂಡಿಗಳನ್ನು ಹಿಡಿದು ಮತ್ತೊಂದು ಪುಟಕ್ಕೆ, ಅಲ್ಲಿಂದ ಮಗದೊಂದಕ್ಕೆ ಹೋಗಿ, ಕಂಡುದನ್ನೆಲ್ಲ ಒಯ್ದು, ಪುಸ್ತಕದ ಕೊನೆಯಲ್ಲಿ ಇರುವ ಪದಸೂಚಿಯಂತಹ ಒಂದು ಮಹಾಸೂಚಿಯನ್ನು ಕಟ್ಟಿಟ್ಟುಕೊಂಡಿರುತ್ತದೆ. ನಾವು ಕೇಳಿದಾಗ ತೆರೆಯುವುದು ಆ ಸೂಚಿಯನ್ನು ಮಾತ್ರ. ಸೂಚಿಯಲ್ಲಿ ಸೇರದ ಪುಟ ಎಷ್ಟೇ ಚೆನ್ನಾಗಿರಲಿ, ನಮ್ಮ ಪಾಲಿಗೆ ಇಲ್ಲವೇ ಇಲ್ಲ.

ಸೂಚಿಯಲ್ಲಿ ಸಿಕ್ಕ ಸಾವಿರ ಪುಟಗಳಲ್ಲಿ ಯಾವುದನ್ನು ಮೊದಲು ತೋರಿಸಬೇಕು? ಯಂತ್ರಗಳು ಒಂದಕ್ಕೊಂದು ಬೇರೆಯಾಗುವುದು ಮುಖ್ಯವಾಗಿ ಇಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರಲ್ಲಿ ಪ್ರಕಟಿಸಿದ ಉಪಾಯವೆಂದರೆ, ಒಂದು ಪುಟಕ್ಕೆ ಬೇರೆ ಪುಟಗಳಿಂದ ಬರುವ ಕೊಂಡಿಗಳನ್ನು ಶಿಫಾರಸಿನಂತೆ ಎಣಿಸುವುದು. ಅದರಲ್ಲಿಯೂ ಹೆಚ್ಚು ಶಿಫಾರಸು ಪಡೆದವರ ಶಿಫಾರಸಿಗೆ ಹೆಚ್ಚು ತೂಕ ಕೊಡುವುದು. ಊರಿನಲ್ಲಿ ಪಟೇಲರ ಮಾತಿಗೆ ಇದ್ದ ಬೆಲೆ ಜೀತದಾಳಿನ ಮಾತಿಗೆ ಇರಲಿಲ್ಲವಷ್ಟೆ, ಹೆಚ್ಚುಕಡಮೆ ಅದೇ ನ್ಯಾಯ. ಗೂಗಲ್ ಇದರ ಮೇಲೆ ಬೆಳೆಯಿತು. ಈಗ ಅದರ ಲೆಕ್ಕದಲ್ಲಿ ಬೇರೆ ಎಷ್ಟೋ ಅಂಶಗಳು ಸೇರಿವೆಯಾದರೂ ಕೊಂಡಿಯ ಬೆಲೆ ಪೂರ್ತಿ ಹೋಗಿಲ್ಲ.

ಈ ನ್ಯಾಯ ಬ್ಲಾಗಿಗೆ ಹೊಂದಲಿಲ್ಲ. ಬೆಳಿಗ್ಗೆ ಬರೆದ ಬರಹಕ್ಕೆ ಸಂಜೆಯೊಳಗೆ ಶಿಫಾರಸು ಎಲ್ಲಿಂದ ಬರಬೇಕು? ಯಂತ್ರ ಸುತ್ತಿಬರುವಷ್ಟರಲ್ಲಿ ವಾರ ಕಳೆದು ಚರ್ಚೆಯೇ ಮುಗಿದಿರುತ್ತಿತ್ತು. ಹೀಗಾಗಿ ಬ್ಲಾಗುಗಳಿಗಾಗಿಯೇ ಬೇರೆ ಯಂತ್ರಗಳು ಹುಟ್ಟಿದವು. ಅವು ಕಾಯುತ್ತ ಕೂಡಲಿಲ್ಲ. ಬ್ಲಾಗೇ ಬಂದು ತಿಳಿಸುವ ಏರ್ಪಾಡನ್ನು ಬಳಸಿಕೊಂಡವು. ಬರಹ ಪ್ರಕಟವಾದೊಡನೆ ಬ್ಲಾಗಿನ ತಂತ್ರಾಂಶವು ಒಂದು ಕೇಂದ್ರಕ್ಕೆ ‘ಇಲ್ಲಿ ಹೊಸದು ಬಂದಿದೆ’ ಎಂಬ ಸಣ್ಣ ಸುದ್ದಿಯನ್ನು ಕಳುಹಿಸುತ್ತಿತ್ತು. ಇದಕ್ಕೆ ‘ಪಿಂಗ್’ ಎಂದು ಹೆಸರು. ನಮ್ಮ ಕಡೆಯ ಡಂಗುರವೆನ್ನಬಹುದು. ಡೇವ್ ವೈನರ್ ಎಂಬವರು ನಡೆಸುತ್ತಿದ್ದ ಇಂತಹ ಒಂದು ಕೇಂದ್ರವನ್ನು 2005ರಲ್ಲಿ ವೆರಿಸೈನ್ ಎಂಬ ದೊಡ್ಡ ಕಂಪನಿ ಕ್ರಯಕ್ಕೆ ಕೊಂಡಿತೆಂದರೆ ಡಂಗುರಕ್ಕೂ ಎಷ್ಟು ಬೆಲೆ ಬಂದಿತ್ತೆಂದು ಊಹಿಸಬಹುದು.

ಇಂತಹ ಯಂತ್ರಗಳಲ್ಲಿ ಹೆಚ್ಚು ಹೆಸರಾದುದು ಟೆಕ್ನೊರಾಟಿ. ಡೇವಿಡ್ ಸಿಫ್ರಿ ಎಂಬವರು 2002ರ ನವೆಂಬರಿನಲ್ಲಿ ಇದನ್ನು ಆರಂಭಿಸಿದರು. ಇದರ ಅಳತೆಗೋಲು ಗೂಗಲಿನ ಕೊಂಡಿಯ ಲೆಕ್ಕವೇ, ಆದರೆ ಕಾಲದ ಮಿತಿಯೊಡನೆ: ಕಳೆದ ಆರು ತಿಂಗಳಲ್ಲಿ ಎಷ್ಟು ಬೇರೆ ಬೇರೆ ಬ್ಲಾಗುಗಳು ಈ ಬ್ಲಾಗಿನ ಕಡೆಗೆ ಕೈತೋರಿಸಿವೆ ಎಂಬುದೇ ಅದರ ‘ಅಧಿಕಾರ’. ಆರು ತಿಂಗಳು ಯಾರೂ ನೆನೆಯದಿದ್ದರೆ ಅಧಿಕಾರ ಇಳಿಯುತ್ತದೆ. ರಾಜಕೀಯದವರು ಇದನ್ನು ಸುಲಭವಾಗಿ ಅರ್ಥಮಾಡಿಕೊಂಡಾರು. 2004ರಲ್ಲಿ ಬಂದ ಬ್ಲಾಗ್‌ಪಲ್ಸ್ ಬೇರೆ ಗುಣದ್ದು. ಒಂದು ಪದವನ್ನು ಕೊಟ್ಟರೆ, ಯಾವ ದಿನ ಎಷ್ಟು ಬ್ಲಾಗುಗಳು ಆ ಪದವನ್ನು ಆಡಿದವೆಂಬುದನ್ನು ಅದು ರೇಖಾಚಿತ್ರವಾಗಿ ಬಿಡಿಸಿ ತೋರಿಸುತ್ತಿತ್ತು. ಬರಹ ಹುಡುಕುವವನಿಗಿಂತ ಜನರ ಬಾಯಲ್ಲಿ ಏನಿದೆಯೆಂದು ತಿಳಿಯಬೇಕಾದ ವ್ಯಾಪಾರಿಗೆ ಅದರಿಂದ ಹೆಚ್ಚು ಉಪಯೋಗ. ಐಸ್‌ರಾಕೆಟ್, ಫೀಡ್‌ಸ್ಟರ್ ಮುಂತಾದವೂ ಇದ್ದವು. ಪಬ್‌ಸಬ್ ಎಂಬುದೊಂದು ಇಡೀ ಕ್ರಮವನ್ನೇ ತಿರುಗಿಸಿ, ಪುಟಗಳ ಸೂಚಿಗೆ ಬದಲಾಗಿ ನಮ್ಮ ಪ್ರಶ್ನೆಗಳ ಪಟ್ಟಿಯನ್ನು ಇಟ್ಟುಕೊಂಡು, ಹೊಸ ಬರಹ ಬಂದಂತೆಲ್ಲ ಯಾರ ಪ್ರಶ್ನೆಗೆ ಅದು ಉತ್ತರವೆಂದು ನೋಡಿ ಕಳುಹಿಸುತ್ತಿತ್ತು. ನನಗೆ ಇದು ಎಲ್ಲದಕ್ಕಿಂತ ಜಾಣತನದ್ದೆಂದು ತೋರಿತು. ಅದು ಹೆಚ್ಚು ವರ್ಷ ಬಾಳಲಿಲ್ಲ. ಆ ಉಪಾಯದ ಒಂದು ರೂಪ ಗೂಗಲಿನ ‘ಅಲರ್ಟ್ಸ್’ ಎಂಬ ಸೇವೆಯಲ್ಲಿ ಇಂದಿಗೂ ಇದೆ.

2005ರ ಸೆಪ್ಟೆಂಬರಿನಲ್ಲಿ ಗೂಗಲ್ ತಾನೇ ಒಂದು ಬ್ಲಾಗು ಹುಡುಕುವ ಯಂತ್ರವನ್ನು ತೆರೆಯಿತು. ತನ್ನ ಬ್ಲಾಗರಿನವು ಮಾತ್ರವಲ್ಲದೆ ಎಲ್ಲರ ಬ್ಲಾಗುಗಳೂ ಅದರಲ್ಲಿ ಸೇರಿದವು. ಹಲವು ಭಾಷೆಗಳಿಗೂ ಸ್ಥಳವಿತ್ತು. ತಾರೀಖಿನ ಕ್ರಮದಲ್ಲಾಗಲಿ, ಹೊಂದಿಕೆಯ ಕ್ರಮದಲ್ಲಾಗಲಿ ನೋಡಬಹುದಿತ್ತು. ಚಿಕ್ಕ ಅಂಗಡಿಗಳ ಬೀದಿಗೆ ದೊಡ್ಡ ಸಾಹುಕಾರ ಬಂದಂತಾಯಿತು. ಅದೇ ಹೊತ್ತಿಗೆ ಕಳ್ಳಬ್ಲಾಗುಗಳ ಕಾಟವೂ ಹೆಚ್ಚಿತು. ಜಾಹೀರಾತಿನ ಕಾಸಿಗಾಗಿ ಇತರರ ಬರಹಗಳನ್ನು ಕದ್ದು ಯಂತ್ರದಿಂದಲೇ ಸಾವಿರಗಟ್ಟಲೆ ಪುಟಗಳನ್ನು ತುಂಬಿ, ಗಳಿಗೆಗೊಮ್ಮೆ ಡಂಗುರ ಹೊಡೆಸುವ ಈ ಸುಳ್ಳು ಪುಟಗಳಿಗೆ ‘ಸ್ಪ್ಲಾಗ್’ ಎಂಬ ಹೆಸರೇ ಬಂದಿತು. ಹೊಸತನಕ್ಕೆ ಬೆಲೆ ಕಟ್ಟಿದ ಯಂತ್ರವನ್ನು ಸುಳ್ಳು ಹೊಸತನದಿಂದ ಮೋಸಗೊಳಿಸುವುದು ಸುಲಭವಾಯಿತು.

ಇಲ್ಲಿ ಭಾಷೆಯ ವಿಚಾರವಾಗಿ ನನಗೆ ಕಹಿಯೆನಿಸಿದ ಒಂದು ಸಂಗತಿಯನ್ನು ಹೇಳಬೇಕು. ಟೆಕ್ನೊರಾಟಿ 2007ರ ಏಪ್ರಿಲ್‌ನಲ್ಲಿ ಒಂದು ವರದಿಯನ್ನು ಪ್ರಕಟಿಸಿತ್ತು. ಅದರಂತೆ ಅದು ಆಗ ಸುಮಾರು 7 ಕೋಟಿ ಬ್ಲಾಗುಗಳನ್ನು ಗಮನಿಸುತ್ತಿತ್ತು. ದಿನಕ್ಕೆ ಸುಮಾರು 1,20,000 ಹೊಸ ಬ್ಲಾಗುಗಳು ಹುಟ್ಟುತ್ತಿದ್ದವು. ಬರಹಗಳಲ್ಲಿ ಜಪಾನಿ ಭಾಷೆಯ ಪಾಲು ಶೇಕಡ 37, ಇಂಗ್ಲಿಷಿನದು ಶೇಕಡ 36. ಇಂಗ್ಲಿಷೇ ಜಗತ್ತಿನ ಭಾಷೆಯೆಂದು ನಂಬಿದವರಿಗೆ ಈ ಅಂಕಿಗಳು ಆಶ್ಚರ್ಯ ತರಬೇಕು. ಅದನ್ನು ಎಣಿಸಿ ಹೇಳಿದ ಸಂಸ್ಥೆಯೇ 2009ರಲ್ಲಿ, ಇನ್ನು ಮುಂದೆ ಇಂಗ್ಲಿಷ್ ಬ್ಲಾಗುಗಳನ್ನಲ್ಲದೆ ಬೇರೆ ಭಾಷೆಯವನ್ನು ಸೂಚಿಯಲ್ಲಿ ಸೇರಿಸುವುದಿಲ್ಲವೆಂದು ತೀರ್ಮಾನಿಸಿತು. ಜಪಾನಿಗೇ ಬಾಗಿಲು ಮುಚ್ಚಿದಾಗ ಕನ್ನಡದ ಮಾತೇಕೆ! ಆ ವರ್ಷಗಳಲ್ಲಿ ಕನ್ನಡದಲ್ಲಿ ಬ್ಲಾಗು ಬರೆಯುವ ಉತ್ಸಾಹ ಉಬ್ಬರದಲ್ಲಿತ್ತು. ಬೆಂಗಳೂರಿನ ಕಚೇರಿಗಳಿಂದ, ಅಮೆರಿಕದ ಮನೆಗಳಿಂದ ಜನ ತಮ್ಮ ಊರು, ಅಡುಗೆ, ಬಾಲ್ಯ, ಓದಿದ ಪುಸ್ತಕ ಇವುಗಳನ್ನು ಕುರಿತು ಬರೆಯುತ್ತಿದ್ದರು. ಅವರಿಗೆ ಆ ತೀರ್ಮಾನದಿಂದ ದಿನದ ಓದುಗರಲ್ಲಿ ವ್ಯತ್ಯಾಸ ಬಂದಿರಲಾರದು, ನಿಜ. ಆದರೆ ಎಣಿಕೆಗೆ ಬಾರದಿರುವುದೆಂದರೇನೆಂಬುದು, ಮತದಾರರ ಪಟ್ಟಿಯಲ್ಲಿ ಹೆಸರು ತಪ್ಪಿಹೋದವರ ಮನೆಯಲ್ಲಿ ಬೆಳೆದವರಿಗೆ ಗೊತ್ತು.

ಮುಂದೆ ಎಲ್ಲವೂ ಬೇಗ ಬೇಗ ಮುಗಿದವು. ಜನ ಫೇಸ್‌ಬುಕ್ಕಿಗೂ ಟ್ವಿಟರಿಗೂ ಹೊರಟರು. ಬ್ಲಾಗ್‌ಪಲ್ಸ್ 2012ರ ಜನವರಿಯಲ್ಲಿ ನಿಂತಿತು. ಬ್ಲಾಗುಗಳನ್ನು ಒಂದೆಡೆ ತರಿಸಿ ಓದಿಕೊಳ್ಳುತ್ತಿದ್ದ ಗೂಗಲ್ ರೀಡರ್ 2013ರ ಜುಲೈಯಲ್ಲಿ ಮುಚ್ಚಿತು. 2014ರಲ್ಲಿ ಟೆಕ್ನೊರಾಟಿ ತನ್ನ ಬ್ಲಾಗುಗಳ ಪಟ್ಟಿಯನ್ನೇ ತೆಗೆದುಹಾಕಿತು. ಗೂಗಲಿನ ಬ್ಲಾಗು ಯಂತ್ರವೂ ಅದೇ ವರ್ಷ ಮರೆಯಾಯಿತು. ಹೀಗೆ ಇಂದು ಬ್ಲಾಗನ್ನು ಹುಡುಕಬೇಕಾದವರು ಎಲ್ಲವನ್ನೂ ಹುಡುಕುವ ಸಾಮಾನ್ಯ ಯಂತ್ರಗಳಿಗೇ ಮೊರೆಹೋಗಬೇಕಾಗಿದೆ.

ಆ ಸಾಮಾನ್ಯ ಯಂತ್ರಗಳು ಹೆಸರಿಗೆ ಹಲವು. ಆದರೆ ಒಳಗೆ ನೋಡಿದರೆ ಸ್ವಂತ ಸೂಚಿ ಕಟ್ಟಿಕೊಂಡವು ಕೆಲವೇ. ಗೂಗಲಿಗೆ ತನ್ನದೇ ಇದೆ. ಮೈಕ್ರೋಸಾಫ್ಟಿನವರು 2009ರಲ್ಲಿ ತೆರೆದ ಬಿಂಗ್‌ಗೆ ತನ್ನದಿದೆ. 2008ರಲ್ಲಿ ಆರಂಭವಾದ ಡಕ್‌ಡಕ್‌ಗೋ ನಮ್ಮ ಹುಡುಕಾಟದ ಗುಟ್ಟನ್ನು ಕಾಪಾಡುತ್ತದೆಂಬ ಕಾರಣಕ್ಕೆ ಪ್ರಸಿದ್ಧ. ಆದರೆ ಫಲಿತಾಂಶಗಳಿಗೆ ಬಹುಮಟ್ಟಿಗೆ ಬಿಂಗ್ ಅನ್ನೇ ಆಶ್ರಯಿಸಿದೆ. ಆದುದರಿಂದ ಬಿಂಗ್‌ನಲ್ಲಿ ಸಿಗದ ಪುಟ ಅಲ್ಲಿ ಸಿಗುವುದೆಂದು ಆಸೆಪಡುವುದು, ಒಂದೇ ಡಿಪೋವಿನ ಎರಡು ಬಸ್ಸು ನೋಡಿ ಎರಡು ದಾರಿಯಿದೆ ಎಂದುಕೊಂಡಂತೆ. 2021ರಲ್ಲಿ ಬಂದ ಬ್ರೇವ್, ಬ್ರಿಟನ್ನಿನ ಮೊಜೀಕ್, ಇವು ಸ್ವಂತ ಸೂಚಿಯವು. ಇವುಗಳಲ್ಲದೆ ಚಿಕ್ಕ ಪುಟಗಳಿಗಾಗಿಯೇ ಮನಸ್ಸು ಕೊಟ್ಟ ಒಂದೆರಡು ಇವೆ. ವಿಕ್ಟರ್ ಲಾಫ್‌ಗ್ರೆನ್ ಎಂಬ ಸ್ವೀಡನ್ನಿನವರು 2021ರಲ್ಲಿ ತೆರೆದ ಮಾರ್ಜಿನೇಲಿಯಾ, ಆರಂಭದಲ್ಲಿ ಅವರ ಮನೆಯ ಒಂದೇ ಕಂಪ್ಯೂಟರಿನ ಮೇಲೆ ನಡೆಯುತ್ತಿತ್ತು. ಅದು ಜಾಹೀರಾತು ತುಂಬಿದ ಪುಟವನ್ನು ಹಿಂದಕ್ಕೆ ತಳ್ಳಿ, ಬರಹ ಹೆಚ್ಚಾಗಿರುವ ಪುಟವನ್ನು ಮುಂದಿಡುತ್ತದೆ. ಹಣ ಕೊಟ್ಟು ಬಳಸುವ ಕಗಿ ಎಂಬ ಯಂತ್ರದವರು 2023ರಲ್ಲಿ ‘ಸ್ಮಾಲ್ ವೆಬ್’ ಎಂದು ವೈಯಕ್ತಿಕ ಬ್ಲಾಗುಗಳ ಪಟ್ಟಿಯೊಂದನ್ನು ಮಾಡಿ ಅವಕ್ಕೆ ಮರ್ಯಾದೆ ಸಲ್ಲಿಸುತ್ತಿದ್ದಾರೆ. ಇಂಗ್ಲಿಷಿನಲ್ಲಿ ಹುಡುಕುವವರಿಗೆ ಇವೆರಡನ್ನೂ ನಾನು ಧೈರ್ಯವಾಗಿ ಹೇಳಬಲ್ಲೆ. ನನ್ನ ಆಲೆಮನೆಗೆ ಇವುಗಳಿಂದ ಪ್ರಯೋಜನವಾಗಲಿಲ್ಲ.

ಕನ್ನಡದಲ್ಲಿ ಹುಡುಕುವಾಗಿನ ಕಷ್ಟಗಳು ಬೇರೆಯೇ. ಇವುಗಳನ್ನು ತುಸು ವಿಸ್ತಾರವಾಗಿ ಹೇಳುವುದಕ್ಕೆ ವಾಚಕರ ಅಪ್ಪಣೆ ಬೇಡುತ್ತೇನೆ; ಏಕೆಂದರೆ ತಪ್ಪು ಯಂತ್ರದ್ದೋ ನಮ್ಮದೋ ಎಂಬುದು ಇದರಿಂದಲೇ ತಿಳಿಯುವುದು.

ಕಂಪ್ಯೂಟರು ಅಕ್ಷರವನ್ನು ನೋಡುವುದಿಲ್ಲ, ಸಂಖ್ಯೆಯನ್ನು ನೋಡುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆಯೆಂದು ಜಗತ್ತಿನ ಲಿಪಿಗಳಿಗೆಲ್ಲ ಒಪ್ಪಂದ ಮಾಡಿದುದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿದೆ. ಆದರೆ ಅದು ಎಲ್ಲ ಕಂಪ್ಯೂಟರುಗಳಲ್ಲಿ ನೆಲೆಯೂರುವುದಕ್ಕೆ ವರ್ಷಗಳು ಹಿಡಿದವು. ಅಲ್ಲಿಯವರೆಗೆ ನಮ್ಮವರು ಒಂದು ಯುಕ್ತಿ ಮಾಡಿದ್ದರು: ಇಂಗ್ಲಿಷ್ ಅಕ್ಷರದ ಸಂಖ್ಯೆಗಳನ್ನೇ ಇಟ್ಟುಕೊಂಡು, ಅವು ಪರದೆಯ ಮೇಲೆ ಕನ್ನಡವಾಗಿ ಕಾಣುವಂತೆ ಅಕ್ಷರಶೈಲಿಯನ್ನು ಮಾತ್ರ ಬದಲಾಯಿಸುವುದು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಹಾಗೆ ಬರೆದಿಟ್ಟ ಹಳೆಯ ಪುಟ ಇಂದಿಗೂ ಎಲ್ಲಿಯಾದರೂ ಉಳಿದಿದ್ದರೆ, ಕನ್ನಡ ಪದ ಕೊಟ್ಟು ಹುಡುಕುವವನಿಗೆ ಅದು ಸಿಗಲಾರದು.

ಯೂನಿಕೋಡ್ ಬಂದ ಮೇಲೂ ತೊಡಕು ತಪ್ಪಲಿಲ್ಲ. ‘ಸಂತೆ’ ಎಂಬಲ್ಲಿ ಸೊನ್ನೆಯ ಬದಲು ಕನ್ನಡ ಅಂಕಿಯ ಪೂಜ್ಯವನ್ನು ಒತ್ತಿ ‘ಸ೦ತೆ’ ಎಂದು ಬರೆದವರು ಬಹುಮಂದಿ. ನನ್ನ ಕಣ್ಣಿಗೂ ನಿಮ್ಮ ಕಣ್ಣಿಗೂ ಎರಡೂ ಒಂದೇ. ಯಂತ್ರಕ್ಕೆ ಮಾತ್ರ ಎರಡನೆಯದು ಸ, ಪೂಜ್ಯ, ತೆ. ‘ಬ್ಲಾಗ್‌ಗಳು’ ಎಂಬ ಪದದಲ್ಲಿ ‘ಗ್’ ಮತ್ತು ‘ಗ’ ಒತ್ತಾಗಿ ಅಂಟಿಕೊಳ್ಳದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸಬೇಕು. ಅದನ್ನು ಸೇರಿಸಿದ ಪದವೂ ಸೇರಿಸದ ಪದವೂ ಬೇರೆ ಬೇರೆ. ಒಳ್ಳೆಯ ಯಂತ್ರ ಈ ಭೇದಗಳನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಎಲ್ಲವೂ ಮಾಡುತ್ತವೆಂದು ನೆಚ್ಚುವಂತಿಲ್ಲ.

ಇದಕ್ಕಿಂತ ದೊಡ್ಡದು ನಮ್ಮ ಭಾಷೆಯ ಸ್ವಭಾವ. ಇಂಗ್ಲಿಷಿನಲ್ಲಿ ‘ಮನೆಗೆ’, ‘ಮನೆಯಲ್ಲಿ’, ‘ಮನೆಯಿಂದ’ ಎನ್ನುವಾಗ ಮನೆಯೆಂಬ ಪದ ಬದಲಾಗದೆ ನಿಲ್ಲುತ್ತದೆ. ಅದರ ಮುಂದೆ ಬೇರೆ ಪದಗಳು ಬರುತ್ತವೆ. ಕನ್ನಡದಲ್ಲಿ ಪ್ರತ್ಯಯ ಪದಕ್ಕೇ ಅಂಟುತ್ತದೆ: ಆಲೆಮನೆಯ, ಆಲೆಮನೆಗೆ, ಆಲೆಮನೆಯಲ್ಲಿ, ಆಲೆಮನೆಯಿಂದ. ಸಂಧಿ ಸೇರಿದರೆ ಆಲೆಮನೆಯಲ್ಲೊಂದು, ಆಲೆಮನೆಯೆಂದರೆ. ನಾಮಪ್ರಕೃತಿ, ವಿಭಕ್ತಿ ಎಂದು ವ್ಯಾಕರಣದ ತರಗತಿಯಲ್ಲಿ ತೂಕಡಿಸುತ್ತ ಕಲಿತದ್ದು ಇಲ್ಲಿ ಬೇಕಾಗಿ ಬಂದಿತು! ಪ್ರಕೃತಿಯನ್ನು ಬಿಡಿಸಿಕೊಳ್ಳಲರಿಯದ ಯಂತ್ರಕ್ಕೆ ಇವೆಲ್ಲ ಸಂಬಂಧವಿಲ್ಲದ ಪದಗಳು. ಒಂದು ಪದವನ್ನು ಏಳೆಂಟು ರೂಪಗಳಲ್ಲಿ ಕೊಟ್ಟು ನೋಡಬೇಕು. ಜೊತೆಗೆ ಪ್ರಾಂತಭೇದ: ನಾವು ಆಲೆಮನೆ ಎನ್ನುವುದನ್ನು ಉತ್ತರದ ಕಡೆಯವರು ಬೆಲ್ಲದ ಗಾಣ ಎನ್ನುತ್ತಾರೆ.

ಈಗ ನನ್ನ ಪರೀಕ್ಷೆಗೆ ಬರುತ್ತೇನೆ. ಕಾಲೇಜಿನ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಒಂದು ಶನಿವಾರ ಮಧ್ಯಾಹ್ನ ಕುಳಿತು, ‘ಆಲೆಮನೆ’ ಎಂಬ ಪದವನ್ನು ನಾಲ್ಕು ಯಂತ್ರಗಳಿಗೆ ಕೊಟ್ಟೆ. ಒಂದೇ ದಿನ ಒಂದೇ ಪದದಿಂದ ಮಾಡಿದ ಪರೀಕ್ಷೆಯಿಂದ ಯಾರಿಗೂ ಅಂಕ ಹಾಕುವುದು ನ್ಯಾಯವಲ್ಲವಾದುದರಿಂದ ಹೆಸರುಗಳನ್ನು ಹೇಳುವುದಿಲ್ಲ. ಮೊದಲನೆಯದು ಬೆಲ್ಲ ಮಾರುವ ಅಂಗಡಿಗಳನ್ನೂ ಚಲನಚಿತ್ರದ ತುಣುಕುಗಳನ್ನೂ ಪತ್ರಿಕೆಗಳ ಸುದ್ದಿಗಳನ್ನೂ ಸಾಲಾಗಿ ಕೊಟ್ಟಿತು. ಆರು ಪುಟ ತಿರುವಿದರೂ ಒಬ್ಬ ಮನುಷ್ಯ ತನ್ನಷ್ಟಕ್ಕೆ ಬರೆದದ್ದು ಒಂದೂ ಕಾಣಲಿಲ್ಲ. ಎರಡನೆಯದು ಪದವನ್ನು ತನಗೆ ತೋಚಿದಂತೆ ಕತ್ತರಿಸಿ, ಸಮುದ್ರದ ಅಲೆಯ ವಿಚಾರವನ್ನೂ ಮನೆ ಕಟ್ಟುವ ಸಾಲದ ವಿಚಾರವನ್ನೂ ಮುಂದಿಟ್ಟಿತು. ಪಕ್ಕದಲ್ಲಿ ಕುಳಿತಿದ್ದ ಗೆಳತಿ ನಕ್ಕುದಕ್ಕೆ ಗ್ರಂಥಪಾಲಕರು ಇಬ್ಬರನ್ನೂ ಗದರಿದರು. ಮೂರನೆಯದು ಇಂಗ್ಲಿಷ್ ಪುಟಗಳಲ್ಲದೆ ಬೇರೇನನ್ನೂ ತೋರಿಸಲಿಲ್ಲ. ನಾಲ್ಕನೆಯದರಲ್ಲಿ ಬಂದ ಪುಟಗಳೇ ಕಡಮೆ, ಹತ್ತನ್ನು ಮೀರಲಿಲ್ಲ. ಆದರೆ ಅವುಗಳಲ್ಲಿ ಒಂದು ಬ್ಲಾಗು. ಮಲೆನಾಡಿನವರೊಬ್ಬರದು. ಜೋನಿಬೆಲ್ಲದ ವಿಚಾರ. ನಮ್ಮ ಅಚ್ಚುಬೆಲ್ಲದ ಸೀಮೆಯದಲ್ಲ, ನಾನು ಹುಡುಕುತ್ತಿದ್ದುದೂ ಅಲ್ಲ.

ಆದರೆ ಅದರ ಬಲಬದಿಯಲ್ಲಿ ‘ನಾನು ಓದುವ ಬ್ಲಾಗುಗಳು’ ಎಂದು 31 ಹೆಸರುಗಳ ಒಂದು ಪಟ್ಟಿಯಿತ್ತು. ಹಿಂದೆ ಬ್ಲಾಗು ಬರೆಯುವವರೆಲ್ಲ ಹೀಗೆ ತಮ್ಮ ಗೆಳೆಯರ, ತಾವು ಮೆಚ್ಚಿದವರ ವಿಳಾಸಗಳನ್ನು ಪಕ್ಕದಲ್ಲಿ ಹಾಕಿಕೊಳ್ಳುತ್ತಿದ್ದರಂತೆ. ಪಟ್ಟಿಯ ನಡುವೆ ಒಂದು ಹೆಸರನ್ನು ಕಂಡೊಡನೆ ನನ್ನ ಕಿವಿಯಲ್ಲಿ ಹೈಸ್ಕೂಲು ಮೇಷ್ಟರ ದನಿ ಕೇಳಿಸಿತು. ಅದೇ! ಒತ್ತಿದೆ, ಪುಟ ತೆರೆಯಲಿಲ್ಲ. ಉಳಿದವನ್ನೂ ಒತ್ತಿ ನೋಡಿದೆ. 12 ತೆರೆದವು, 19 ತೆರೆಯಲಿಲ್ಲ. ತೆರೆಯದವುಗಳಲ್ಲಿ 14 ವಿಳಾಸಗಳು ‘ಬ್ಲಾಗ್‌ಸ್ಪಾಟ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತಿದ್ದವು.

ಇದರ ಕಾರಣವನ್ನು ಓದಿ ತಿಳಿಯಲು ನನಗೆ ಎರಡು ದಿನ ಹಿಡಿಯಿತು. 2012ರಿಂದ ಕೆಲವು ವರ್ಷ ಗೂಗಲ್ ಸಂಸ್ಥೆಯು ಬ್ಲಾಗರ್ ಪುಟಗಳನ್ನು ಆಯಾ ದೇಶದ ಹೆಸರಿನ ವಿಳಾಸಕ್ಕೆ ತಿರುಗಿಸುತ್ತಿತ್ತು. ಭಾರತದಲ್ಲಿ ನೋಡುವವರಿಗೆ ‘ಡಾಟ್ ಕಾಮ್’ ಇದ್ದುದು ‘ಡಾಟ್ ಇನ್’ ಆಗಿ ಕಾಣುತ್ತಿತ್ತು. ಜನ ಕಂಡುದನ್ನು ಕಂಡಂತೆ ನಕಲು ಮಾಡಿಕೊಂಡರು. 2018ರಲ್ಲಿ ಆ ಪದ್ಧತಿ ನಿಂತಿತು. 2020ರಲ್ಲಿ ‘ಡಾಟ್ ಇನ್’ ಎಂಬ ಆ ಹೆಸರೇ ಸಂಸ್ಥೆಯ ಕೈತಪ್ಪಿಹೋಯಿತು. ಅಂದಿನಿಂದ ಆ ರೂಪದಲ್ಲಿ ಬರೆದಿಟ್ಟ ಕೊಂಡಿಗಳೆಲ್ಲ ಕುರುಡಾದವು. ಬ್ಲಾಗುಗಳು ಸತ್ತಿರಲಿಲ್ಲ, ದಾರಿ ಮಾತ್ರ ಕಡಿದಿತ್ತು. ಕೊಂಡಿಗಳನ್ನು ಎಣಿಸಿ ಬೆಲೆ ಕಟ್ಟುವ ಯಂತ್ರಕ್ಕೆ ದಾರಿ ಕಡಿದ ಊರು ಹೇಗೆ ಕಂಡೀತೆಂಬುದನ್ನು ಹೇಳಬೇಕಾಗಿಲ್ಲ. ನಾನು ‘ಇನ್’ ಎಂಬುದನ್ನು ಅಳಿಸಿ ‘ಕಾಮ್’ ಎಂದು ಬರೆದೆ. 14ರಲ್ಲಿ 11 ತೆರೆದವು. ಮೇಷ್ಟರು ಓದಿದ ಲೇಖನ ಅಲ್ಲಿಯೇ ಇತ್ತು.

ಒಂದು ಸಂಗತಿಯನ್ನು ಯಂತ್ರಗಳ ಪರವಾಗಿಯೂ ಹೇಳಬೇಕು. ಆ ಲೇಖಕರು ಮೊದಲಿನಿಂದ ಕೊನೆಯವರೆಗೂ ‘ಆಲೇಮನೆ’ ಎಂದು ದೀರ್ಘವಾಗಿ ಬರೆದಿದ್ದರು. ಆಡುವಾಗ ನಾವೂ ಹಾಗೆಯೇ ಎಳೆಯುತ್ತೇವೆ. ನಾನು ಶಾಲೆಯಲ್ಲಿ ಕಲಿತ ಶುದ್ಧರೂಪವನ್ನು ಕೊಟ್ಟು ಹುಡುಕಿದ್ದೆ. ಆಮೇಲೆ ದೀರ್ಘರೂಪ ಕೊಟ್ಟು ನೋಡಿದಾಗ, ಮೊದಲು ಅಂಗಡಿಗಳನ್ನು ತೋರಿಸಿದ ಯಂತ್ರವೇ ಎರಡನೆಯ ಪುಟದಲ್ಲಿ ಆ ಬ್ಲಾಗನ್ನು ಕೊಟ್ಟಿತು.

ಹುಡುಕುವ ಮಿತ್ರರಿಗೆ ಒಂದೆರಡು ಉಪಾಯ: ಬ್ಲಾಗುಗಳನ್ನು ಮಾತ್ರ ನೋಡಬೇಕಾದರೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಸೈಟ್’ ಎಂದು ಬರೆದು, ಅಡ್ಡಜಾಗ ಬಿಡದೆ ಎರಡು ಚುಕ್ಕಿಯ ಚಿಹ್ನೆಯಿಟ್ಟು, ‘ಬ್ಲಾಗ್‌ಸ್ಪಾಟ್ ಡಾಟ್ ಕಾಮ್’ ಅಥವಾ ‘ವರ್ಡ್‌ಪ್ರೆಸ್ ಡಾಟ್ ಕಾಮ್’ ಎಂಬ ವಿಳಾಸ ಸೇರಿಸಿ, ಅನಂತರ ನಿಮ್ಮ ಕನ್ನಡ ಪದವನ್ನು ಕೊಡಿ. ಅಂಗಡಿಗಳೆಲ್ಲ ಒಮ್ಮೆಗೇ ಮಾಯವಾಗುತ್ತವೆ. ಪದ ಕತ್ತರಿಸಿಹೋಗುತ್ತಿದ್ದರೆ ಉದ್ಧರಣ ಚಿಹ್ನೆಗಳ ನಡುವೆ ಇಡಿ. ಪೂರ್ತಿ ಅಳಿಸಿಹೋದ ಪುಟಕ್ಕೆ ‘ಇಂಟರ್ನೆಟ್ ಆರ್ಕೈವ್’ ಎಂಬ ಸಂಸ್ಥೆ 1996ರಿಂದ ಕೂಡಿಸಿಟ್ಟಿರುವ ನಕಲುಗಳಲ್ಲಿ ವಿಳಾಸ ಕೊಟ್ಟು ನೋಡಬಹುದು. ತೆರೆಯದೆ ಉಳಿದ ಮೂರು ಬ್ಲಾಗುಗಳಲ್ಲಿ ಒಂದು ನನಗೆ ಅಲ್ಲಿ ಸಿಕ್ಕಿತು.

ಆ ಭಾನುವಾರ ಊರಿಗೆ ಹೋದಾಗ ಫೋನಿನಲ್ಲಿ ಲೇಖನವನ್ನು ತೆರೆದು ಅಪ್ಪನಿಗೆ ಓದಿ ಹೇಳಿದೆ. ಅವರು ಕೆಲಸ ಮಾಡುತ್ತಿದ್ದ ಆಲೆಮನೆ ಮುಚ್ಚಿ ನಾಲ್ಕು ವರ್ಷವಾಯಿತು. ಜಗಲಿಯ ಮೇಲೆ ಕುಳಿತು ಬೀಡಿ ಹಚ್ಚದೆ ಕೈಯಲ್ಲೇ ಹಿಡಿದುಕೊಂಡು ಕೇಳಿದರು. ಪಾಕ ಹದಕ್ಕೆ ಬಂದಿತೇ ಎಂದು ತಿಳಿಯಲು ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಗಟ್ಟಿಯಾಗುವುದನ್ನು ನೋಡುತ್ತಾರೆ ಎಂಬ ವಾಕ್ಯ ಬಂದಾಗ ಕೈಯೆತ್ತಿ ನಿಲ್ಲಿಸಿದರು.

“ನೀರಿಗೆ ಬುಟ್ಟು ನೋಡೋದು ಹೊಸಬ್ರು ಕಣ್ ಮಗಾ. ನಮ್ಮಪ್ಪ ಗುಳ್ಳೆ ಏಳೋದು ನೋಡೇ ಏಳೋನು, ಇಳುಸ್ರೋ ಅಂತ. ಅದ ಬರೀನಿಲ್ವಾ ಅವ್ರು?”

ಇಲ್ಲವೆಂದೆ. “ಹಂಗಾರೆ ನೀನಾರ ಬರ್ಕೋ” ಎಂದರು. ಬರೆದುಕೊಂಡೆ. ಅಧ್ಯಾಪಕರಿಗೆ ಒಪ್ಪಿಸಿದ ಪಟ್ಟಿಯಲ್ಲಿ ಈಗ 37 ಪದಗಳಿಗೆ ಎರಡೆರಡು ಆಧಾರಗಳಿವೆ. 13ಕ್ಕೆ ಇನ್ನೂ ಅಪ್ಪ ಒಬ್ಬರೇ.

ಈ ಹುಡುಕಾಟದಲ್ಲಿ ನನಗೆ ದೊರೆತ, ಈಗಲೂ ತೆರೆಯುವ 23 ಕನ್ನಡ ಬ್ಲಾಗುಗಳ ವಿಳಾಸಗಳನ್ನು, ಯಾವುದರಲ್ಲಿ ಏನಿದೆಯೆಂಬ ಒಂದು ಸಾಲಿನೊಡನೆ ಒಂದು ನೋಟುಬುಕ್ಕಿನಲ್ಲಿ ಬರೆದು ಗ್ರಂಥಪಾಲಕರ ಮೇಜಿನ ಮೇಲೆ ಇಟ್ಟಿದ್ದೇನೆ. ಅವರು ಅನುಮತಿ ಕೊಟ್ಟಿದ್ದಾರೆ. ಪ್ರತಿ ಪುಟದ ಎಡಬದಿಯನ್ನು ಖಾಲಿ ಬಿಟ್ಟಿದ್ದೇನೆ; ತಿಳಿದವರು ತಮಗೆ ತಿಳಿದ ವಿಳಾಸಗಳನ್ನು ಅಲ್ಲಿ ಬರೆಯಬಹುದು. ಪೆನ್ಸಿಲಿನಲ್ಲಿ ಬೇಡ, ಪೆನ್ನಿನಲ್ಲಿ.